ಭಾವಮೈದುನನ ಲೈಸೆನ್ಸು

ಆ ಲೈಸೆನ್ಸನ್ನು ಗೋಡೆಗೆ ತೂಗುಹಾಕಿದವನು ಕರೆಂಟಣ್ಣನೇ. ಬೇರೆ ಯಾರಾದರೂ ಹಾಕಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಗಾಜಿನ ಚೌಕಟ್ಟನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದ ಭಾವಮೈದುನ, "ಭಾವ, ನಿಮ್ಮ ಕೈಯಿಂದಲೇ ಆಗ್ಲಿ" ಅಂದ. ಹೊಸ ಅಂಗಡಿಯ ಗೋಡೆಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಬಂದಿದ್ದ ನೆಂಟರಿಷ್ಟರೆಲ್ಲ ನೋಡುತ್ತಿದ್ದರು, ಹೆಂಡತಿಯೂ ನೋಡುತ್ತಿದ್ದಳು. ಕರೆಂಟಣ್ಣ ಏಣಿ ಹತ್ತಿ ಡ್ರಿಲ್ ಹಿಡಿದ. ಒಂದು ಕೂದಲೆಳೆಯಷ್ಟು ವಾರೆಯಾಗಿ ಕೂರಿಸಿಬಿಡೋಣ, ಬಂದವರ ಕಣ್ಣಿಗೆ ದಿನಾ ಚುಚ್ಚುತ್ತಿರಲಿ ಎಂದು ಮನಸ್ಸು ಪಿಸುಗುಟ್ಟಿತು. ಕೈ ಕೇಳಲಿಲ್ಲ. ಮೂವತ್ತು ವರ್ಷ ಗೋಡೆಗಳ ಮೇಲೆ ನೇರ ಗೆರೆ ಎಳೆದ ಕೈ ಅದು. ಮಟ್ಟಗೋಲು ಇಟ್ಟು ನೋಡಿದರೂ ತಪ್ಪು ಹುಡುಕಲಾಗದ ಹಾಗೆ ಚೌಕಟ್ಟು ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಏಣಿಯ ಮೇಲೆ ನಿಂತವನ ಬೆನ್ನಿಗೆ ಆ ಚಪ್ಪಾಳೆ ಮಳೆಯ ಹಾಗೆ ಬಿತ್ತು, ಆದರೆ ಒಂದು ಹನಿಯೂ ಅವನದಾಗಿರಲಿಲ್ಲ.

ಕರೆಂಟಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಮೀಸೆ ಮೂಡುವ ಮೊದಲೇ ಅವನು ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಹೊರಟವನು. ಅವನಿಗೆ ಕೆಲಸ ಕೊಟ್ಟವರು ಒಬ್ಬ ಹಳೆಯ ಗುತ್ತಿಗೆದಾರರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಯಜಮಾನರಿಗೆ ಮೊಣಕಾಲು ನೋವು, ಏಣಿ ಎಂದರೆ ಆಗದು. ಹಾಗಾಗಿ ಕೆಲಸವೆಲ್ಲ ಕರೆಂಟಣ್ಣನದು, ಮುಗಿದ ಮೇಲೆ ಕೆಳಗೆ ಬೀಳುವ ರುಜು ಮತ್ತು ಮೊಹರು ಅವರದು. ಈ ಏರ್ಪಾಟು ಇಬ್ಬರಿಗೂ ಹಳೆಯ ಚಪ್ಪಲಿಯ ಹಾಗೆ ಒಗ್ಗಿಹೋಗಿತ್ತು. ಊರಿನ ಅರ್ಧದಷ್ಟು ದೀಪಗಳು ಇವನ ಬೆರಳಿನಿಂದ ಹತ್ತಿದವು. ಯಾವ ಮನೆಯ ಯಾವ ಗೋಡೆಯೊಳಗೆ ಪೈಪು ಎಲ್ಲಿ ತಿರುಗುತ್ತದೆ ಎಂದು ಇವನನ್ನು ಕೇಳಿಯೇ ಜನ ಮೊಳೆ ಹೊಡೆಯುತ್ತಿದ್ದರು. "ನಿಂಗ್ಯಾಕೋ ಲೈಸೆನ್ಸು? ನಾನಿಲ್ವಾ?" ಎನ್ನುತ್ತಿದ್ದರು ಯಜಮಾನರು. ಇವನಿಗೂ ಅದು ನಿಜವೆನಿಸಿತ್ತು.

ಮದುವೆಯಾದ ಮೇಲೆ ಹೆಂಡತಿಯ ತಮ್ಮ ಬಂದ. ಓದು ಹತ್ತಲಿಲ್ಲ, ಬೇರೆ ದಾರಿ ಕಾಣಲಿಲ್ಲ. "ನಿಮ್ಮ ಜೊತೆ ಹಾಕ್ಕೊಳ್ರೀ" ಎಂದು ಹೆಂಡತಿ ಅಂದಳು, ಹಾಕಿಕೊಂಡ. ಮೊದಲ ದಿನವೇ ಸ್ವಿಚ್ಚಿನಿಂದ ಒಂದು ಕಿಡಿ ಹಾರಿದ್ದಕ್ಕೆ ಆಸಾಮಿ ಗೋಡೆಗೆ ಒರಗಿ ಕಣ್ಣು ತೇಲಿಸಿಬಿಟ್ಟ. ಆಮೇಲೂ ಅಷ್ಟೆ. ಮೇನ್ ಆಫ್ ಮಾಡಿದ್ದರೂ, ಮೀಟರನ್ನೇ ಬಿಚ್ಚಿಟ್ಟಿದ್ದರೂ, ಕಡೆಗೆ ಅಂಗಡಿಯಿಂದ ಈಗಷ್ಟೇ ತಂದ ತಂತಿಯಾದರೂ ಸರಿ, ಜೇಬಿನ ಟೆಸ್ಟರ್ ತೆಗೆದು ಮುಟ್ಟಿಸಿ ನೋಡದೆ ಕೈ ಹಾಕುತ್ತಿರಲಿಲ್ಲ. ಹೀಗಾಗಿ ಅವನ ಹೆಸರೇ ಟೆಸ್ಟರ್ ಆಯಿತು.

"ಲೋ ಟೆಸ್ಟರ್, ನಿನ್ನ ತಟ್ಟೆಗೂ ಒಂದ್ಸಲ ಮುಟ್ಟಿಸಿ ನೋಡೋ, ಅನ್ನಕ್ಕೆ ಕರೆಂಟ್ ಬಂದಿದ್ರೆ?" ಎಂದು ಕರೆಂಟಣ್ಣ ರೇಗಿಸುತ್ತಿದ್ದ.

"ರೇಗಿಸಿ ಭಾವ, ರೇಗಿಸಿ. ನಾನಂತೂ ಮುದುಕನಾಗೇ ಸಾಯೋನು" ಎಂದು ಅವನು ನಗುತ್ತಿದ್ದ.

ಕರೆಂಟಣ್ಣನ ರೀತಿ ಬೇರೆ. ಅವನು ಬೆರಳಿನ ಹಿಂಭಾಗದಿಂದ ತಂತಿಯನ್ನು ಸವರಿ ನೋಡುತ್ತಿದ್ದ. ಕರೆಂಟಿದ್ದರೆ ಬೆರಳು ತಾನಾಗಿ ಮಡಚಿ ಹಿಂದೆ ಸರಿಯುತ್ತದೆ, ಅಂಗೈಯಿಂದ ಮುಟ್ಟಿದರೆ ಹಿಡಿದುಬಿಡುತ್ತದೆ ಎಂದು ಹಳಬರು ಹೇಳಿಕೊಟ್ಟ ವಿದ್ಯೆ. ಅದನ್ನು ಅವನು ಒಂದು ಧೈರ್ಯದ ಹಾಗೆ, ಒಂದು ಲಾಲಿತ್ಯದ ಹಾಗೆ ಮಾಡುತ್ತಿದ್ದ. ಮಲಗಿದ ಮಗುವಿನ ಕೆನ್ನೆ ಮುಟ್ಟಿ ಜ್ವರ ನೋಡಿದ ಹಾಗೆ.

ಯಜಮಾನರು ತೀರಿಕೊಂಡರು. ಆಗ ತಿಳಿದದ್ದು, ಅವರ ಜೊತೆಗೇ ಲೈಸೆನ್ಸೂ ತೀರಿಕೊಂಡಿತು ಎಂದು. ಅವರ ಮಗನೂ ಕರೆಂಟಣ್ಣನೂ ವಿದ್ಯುತ್ ಕಚೇರಿಗೆ ಹೋಗಿ ಕಿಟಕಿಯಲ್ಲಿ ಕೇಳಿದರು. ಕಿಟಕಿಯೊಳಗಿನ ಗುಮಾಸ್ತ ಮಗನ ಮುಖವನ್ನೊಮ್ಮೆ ನೋಡಿ ಹೇಳಿದ: "ಅಪ್ಪನ ಮನೆ ಬರುತ್ತೆ, ಅಪ್ಪನ ಸಾಲ ಬರುತ್ತೆ, ಅಪ್ಪನ ಮೂಗೂ ಬಂದಿದೆ ನಿಮಗೆ. ಲೈಸೆನ್ಸ್ ಮಾತ್ರ ಬರಲ್ಲ."

ನಿಯಮ ಕೇಳಲು ಸರಳವಾಗಿತ್ತು. ತಂತಿ ಎಳೆಯುವವನಿಗೆ ವೈರ್‌ಮನ್ ಪರ್ಮಿಟ್ಟು ಸಾಕು, ಅದು ಕರೆಂಟಣ್ಣನ ಹತ್ತಿರ ಇತ್ತು. ಕೆಲಸ ಒಪ್ಪಿಕೊಳ್ಳುವುದಕ್ಕೆ, ಮುಗಿದ ಮೇಲೆ ಪರೀಕ್ಷಿಸಿ 'ಇದಕ್ಕೆ ಕರೆಂಟು ಕೊಡಬಹುದು' ಎಂದು ಬರೆದುಕೊಡುವುದಕ್ಕೆ ಗುತ್ತಿಗೆದಾರನ ಲೈಸೆನ್ಸು ಬೇಕು. ಲೈಸೆನ್ಸು ಬೇಕೆಂದರೆ ಮೇಲ್ವಿಚಾರಕರ ಪರೀಕ್ಷೆ ಪಾಸಾಗಬೇಕು. ಕೆಲಸ ನಡೆಯುವಷ್ಟು ದಿನವೂ ಆ ಮೇಲ್ವಿಚಾರಕ ಸ್ಥಳದಲ್ಲಿರಬೇಕು. ಏನಾದರೂ ಎಡವಟ್ಟಾದರೆ ತಂತಿ ಎಳೆದವನನ್ನು ಯಾರೂ ಕೇಳುವುದಿಲ್ಲ, ರುಜು ಹಾಕಿದವನನ್ನು ಕೇಳುತ್ತಾರೆ.

ಭಾವ, ಭಾವಮೈದುನ ಇಬ್ಬರೂ ಪರೀಕ್ಷೆಗೆ ಕಟ್ಟಿದರು. ಲಿಖಿತ ಪರೀಕ್ಷೆ ಹೇಗೋ ದಾಟಿತು. ಕೈಕೆಲಸದ ಪರೀಕ್ಷೆಗೆ ಇಬ್ಬರನ್ನೂ ಅಕ್ಕಪಕ್ಕದ ಹಲಗೆಗಳ ಮುಂದೆ ನಿಲ್ಲಿಸಿದರು. ಹಲಗೆಯ ಮೇಲೊಂದು ಪೆಟ್ಟಿಗೆ, ಅದರೊಳಗೆ ಒಂದು ಸುಟ್ಟ ತಂತಿ. ಬದಲಾಯಿಸಬೇಕು. ಇಷ್ಟೇನಾ ಎಂದುಕೊಂಡ ಕರೆಂಟಣ್ಣ. ಮೇನ್ ಇಳಿಸಿದ, ಪೆಟ್ಟಿಗೆ ತೆರೆದ, ಬೆರಳಿನ ಹಿಂಭಾಗದಿಂದ ತಂತಿಯನ್ನು ಸವರಿದ.

"ಏನ್ ಮಾಡಿದ್ರಿ ಈಗ?" ಪರೀಕ್ಷಕರು ಪೆನ್ನಿನ ಮುಚ್ಚಳ ಕಚ್ಚುವುದನ್ನು ನಿಲ್ಲಿಸಿ ಕೇಳಿದರು.

"ಕರೆಂಟ್ ಇಲ್ಲ ಅಂತ ನೋಡ್ಕೊಂಡೆ ಸಾರ್."

"ಯಾವುದರಲ್ಲಿ?"

"ಕೈಯಲ್ಲಿ."

"ಇದ್ದಿದ್ರೆ?"

"ಇರ್ಲಿಲ್ವಲ್ಲ ಸಾರ್."

"ಇದ್ದಿದ್ರೆ ಅಂತ ಕೇಳ್ತಿದೀನಿ."

"ಇದ್ದಿದ್ರೆ ಕೈ ತಾನೇ ಹಿಂದೆ ಬರುತ್ತೆ ಸಾರ್. ಅದಕ್ಕೇ ಹಿಂಭಾಗದಿಂದ ಮುಟ್ಟೋದು."

"ಸರಿ. ನೀವೂ ಹಿಂದೆ ಹೋಗಿ. ಬಾಗಿಲು ಆ ಕಡೆ ಇದೆ."

ಪಕ್ಕದ ಹಲಗೆಯ ಮುಂದೆ ಟೆಸ್ಟರ್ ಬೆವರುತ್ತಿದ್ದ. ಜೇಬಿನಿಂದ ಟೆಸ್ಟರ್ ತೆಗೆದ. ಮೊದಲು ಕರೆಂಟಿರುವ ಸಾಕೆಟ್ಟಿಗೆ ಚುಚ್ಚಿ ಟೆಸ್ಟರ್ರೇ ಸರಿಯಿದೆಯೋ ಇಲ್ಲವೋ ನೋಡಿದ. ಆಮೇಲೆ ಪೆಟ್ಟಿಗೆಯ ತಂತಿಗೆ ಮುಟ್ಟಿಸಿದ. ಅನುಮಾನ ತೀರದೆ ಮತ್ತೆ ಸಾಕೆಟ್ಟಿಗೆ ಚುಚ್ಚಿದ. ಪರೀಕ್ಷಕರ ಮುಖ ಅರಳಿದ್ದನ್ನು ಬಾಗಿಲಲ್ಲಿ ನಿಂತು ಕರೆಂಟಣ್ಣ ನೋಡಿದ. ಇಷ್ಟು ವರ್ಷ ತಾನು ಆಡಿಕೊಂಡು ನಕ್ಕ ಪುಕ್ಕಲುತನಕ್ಕೇ ಪೂರ್ತಿ ಅಂಕ ಬಿದ್ದಿತ್ತು.

ಹೊಟ್ಟೆಕಿಚ್ಚು ಒಮ್ಮೆಲೇ ಹೊತ್ತಿಕೊಳ್ಳುವ ಬೆಂಕಿಯಲ್ಲ. ಗೋಡೆಯೊಳಗೆ ಸಡಿಲವಾದ ಒಂದು ಜಾಯಿಂಟು ಇರುತ್ತದೆ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಮನೆಮಂದಿ ಉಣ್ಣುತ್ತಾರೆ, ಮಲಗುತ್ತಾರೆ. ಒಳಗೆ ಮಾತ್ರ ಆ ಜಾಯಿಂಟು ಬಿಸಿಯಾಗುತ್ತಲೇ ಇರುತ್ತದೆ. ಕರೆಂಟಣ್ಣನಿಗೆ ಆದದ್ದು ಹಾಗೆ.

ಮೊದಲು ಅಂಗಡಿಯ ಬೋರ್ಡು. ಸರ್ಕಾರದ ಮಾನ್ಯತೆ ಪಡೆದ ವಿದ್ಯುತ್ ಗುತ್ತಿಗೆದಾರರು ಎಂದು ಕೆಂಪಕ್ಷರ, ಅದರ ಕೆಳಗೆ ಟೆಸ್ಟರ್‌ನ ಫೋನ್ ನಂಬರು ಕುಂಬಳಕಾಯಿಯಷ್ಟು ದಪ್ಪ. ಬೋರ್ಡಿನ ಹಿಂದಿನ ಟ್ಯೂಬ್‌ಲೈಟು ಹಾಕಿದವನು ಇವನು. ಆಮೇಲೆ ಟೆಸ್ಟರ್‌ನ ಅಂಗಿಯ ಜೇಬು. ಮೊದಲು ಟೆಸ್ಟರ್ ಇರುತ್ತಿದ್ದ ಜಾಗದಲ್ಲಿ ಈಗ ನೀಲಿ ಶಾಯಿಯ ಪೆನ್ನು. ಅವನು ರುಜು ಹಾಕುವುದನ್ನು ಕರೆಂಟಣ್ಣ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಮೊದಲಕ್ಷರಕ್ಕೆ ಒಂದು ಕೊಂಡಿ, ಕೊನೆಗೆ ಬಾಲದಂಥ ಒಂದು ಗೀಟು. ಮನೆಯಲ್ಲಿ ಕೂತು ಅಭ್ಯಾಸ ಮಾಡಿರಬೇಕು ಕಳ್ಳ ಎಂದುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹಳೆಯ ರಟ್ಟಿನ ಮೇಲೆ ತನ್ನ ರುಜುವಿಗೂ ಅಂಥದೊಂದು ಬಾಲ ಎಳೆದು ನೋಡಿದ. ಚೆನ್ನಾಗಿಯೇ ಬಂತು. ರಟ್ಟನ್ನು ನಾಲ್ಕು ಚೂರು ಮಾಡಿ ಬಿಸಾಡಿದ.

ಬೀದಿಯ ಬಾಯಿಗೂ ಬೀಗವಿರಲಿಲ್ಲ. "ಏನ್ ಕರೆಂಟಣ್ಣ, ನಿಮ್ಮ ಓನರ್ ಇವತ್ತು ಬರಲಿಲ್ವಾ?" ಎಂದು ಚಹಾದಂಗಡಿಯವನು ಲೋಟ ಕುಕ್ಕುತ್ತ ಕೇಳುತ್ತಿದ್ದ.

"ಓನರ್ರೋ ಪಾನರ್ರೋ. ಅವನಿಗೆ ಸ್ಕ್ರೂ ಯಾವ ಕಡೆ ತಿರುಗುತ್ತೆ ಅಂತ ಹೇಳ್ಕೊಟ್ಟವನು ನಾನು."

"ಅದಕ್ಕೇ ಅಲ್ವಾ, ಈಗ ಅವನು ನಿಮ್ಮನ್ನ ತಿರುಗಿಸ್ತಾ ಇದಾನೆ."

ಕೂತವರೆಲ್ಲ ನಕ್ಕರು. ಕರೆಂಟಣ್ಣನೂ ನಕ್ಕ. ಬಿಸಿ ಚಹಾ ಗಂಟಲಲ್ಲಿ ಇಳಿಯುವಾಗ ಮೊದಲೇ ಅಲ್ಲಿದ್ದ ಬಿಸಿಗೆ ತಾಗಿತು.

ಹೆಂಡತಿಯ ಪಾಡು ಅಡಕೊತ್ತಿನಲ್ಲಿ ಸಿಕ್ಕ ಅಡಕೆಯದು. ತಮ್ಮ ಮನೆಗೆ ಬಂದರೆ ಅವಳ ಮುಖ ಬೆಳಗುತ್ತಿತ್ತು, ಗಂಡ ನೋಡುತ್ತಿದ್ದಾನೆ ಎಂದು ಗೊತ್ತಾದ ಕೂಡಲೇ ಅದನ್ನು ತಗ್ಗಿಸಿಕೊಳ್ಳುತ್ತಿದ್ದಳು. ಆ ತಗ್ಗಿಸಿಕೊಳ್ಳುವುದೇ ಅವನನ್ನು ಹೆಚ್ಚು ಸುಡುತ್ತಿತ್ತು.

"ನೀವೂ ಮತ್ತೊಂದ್ಸಲ ಕಟ್ರೀ ಪರೀಕ್ಷೆಗೆ" ಎಂದಳು ಒಮ್ಮೆ.

"ಗಡ್ಡ ಬೆಳ್ಳಗಾದ ಮೇಲೆ ಬಳಪ ಹಿಡೀಲಾ?"

"ಹಿಡಿದ್ರೆ ಗಡ್ಡ ಉದುರಿಹೋಗಲ್ಲ."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮನೇಲಿ ಕೆಸರು ನನ್ನ ಕೈಗೆ, ಮೊಸರು ನಿನ್ನ ತಮ್ಮನ ಬಾಯಿಗೆ."

ಅವಳು ಒಗೆದ ಅಂಗಿಯನ್ನು ಜೋರಾಗಿ ಕೊಡವಿದಳು.

ಹೀಗಿರುವಾಗ ಲಾಂಡ್ರಿಯ ಕೆಲಸ ಬಂತು. ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಶೆಡ್ಡು. ಒಂದು ಗೋಡೆಯುದ್ದಕ್ಕೂ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ನೀರು ಹರಿಯುವ ಕಾಲುವೆ. ಟೆಸ್ಟರ್ ಹಿಡಿದ ಕೆಲಸಗಳಲ್ಲೆಲ್ಲ ದೊಡ್ಡದು. ಆದರೆ ಅವನು ಮೊದಲ ದಿನ ಬಂದು ಗೆರೆ ಹಾಕಿ ಹೋದವನು ಮತ್ತೆ ಇಣುಕಿದ್ದು ಅಪರೂಪಕ್ಕೆ. ಹೊಸ ಕೆಲಸ ಹುಡುಕುತ್ತ ಊರು ಸುತ್ತುತ್ತಿದ್ದ. ಫೋನ್ ಮಾಡಿದರೆ "ಭಾವ ಇದ್ದಾರಲ್ಲ, ಇನ್ನೇನು ಚಿಂತೆ" ಎನ್ನುತ್ತಿದ್ದ.

ಭಾವ ಅಲ್ಲಿ ತನ್ನ ಜೀವಮಾನದ ಕೆಲಸ ಮಾಡಿದ. ಮುಖ್ಯ ಪ್ಯಾನಲ್ಲಿನ ಒಳಗೆ ತಂತಿಗಳನ್ನು ತಾಯಿ ಮಗಳ ಜಡೆ ಹೆಣೆದ ಹಾಗೆ ಜೋಡಿಸಿದ. ಒಂದೊಂದೂ ಒಂದೇ ಅಳತೆಯಲ್ಲಿ ಬಾಗಿ, ಒಂದರ ಮೇಲೊಂದು ಏರದೆ ತನ್ನ ತನ್ನ ಜಾಗಕ್ಕೆ ಇಳಿದಿತ್ತು. ಬಾಗಿಲು ಮುಚ್ಚಿದರೆ ಯಾರಿಗೂ ಕಾಣದ ಆ ಚೆಲುವನ್ನು ಅವನು ಆಗಾಗ ಬಾಗಿಲು ತೆರೆದು ನೋಡಿಕೊಳ್ಳುತ್ತಿದ್ದ.

ತಪಾಸಣೆಯ ಹಿಂದಿನ ದಿನ ಸ್ಪ್ಯಾನರ್ ಹಿಡಿದು ಕೊನೆಯ ಸುತ್ತು ಹೊರಟ. ನೆಲ ಸದಾ ಒದ್ದೆಯಾಗಿರುವ ಇಂಥ ಕಡೆ ಪ್ರತಿ ಯಂತ್ರದ ಕಬ್ಬಿಣದ ಮೈಗೂ ಎರಡೆರಡು ಅರ್ಥಿಂಗ್ ಪಟ್ಟಿ ಬಿಗಿಯಬೇಕು. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯರ ಮೈ ಹತ್ತದೆ ಪಟ್ಟಿಯ ಮೂಲಕ ಭೂಮಿಗೆ ಇಳಿಯಲಿ ಎಂದು. ಒಂದು ಪಟ್ಟಿ ತುಂಡಾದರೆ ಕಾಯಲು ಇನ್ನೊಂದು. ಕಟ್ಟಕಡೆಯ ಒಣಗಿಸುವ ಯಂತ್ರದ ಹಿಂದೆ ಬಗ್ಗಿ ನೋಡಿದರೆ ಎರಡನೆಯ ಪಟ್ಟಿ ಬೋಲ್ಟು ಕಾಣದೆ ಜೋತುಬಿದ್ದಿತ್ತು. ಲಾಂಡ್ರಿಯ ಯಜಮಾನಿ ಹಿಂದಿನ ವಾರ ಯಂತ್ರವನ್ನು ಮೂಲೆಗೆ ಸರಿಸಲು ಹೇಳಿದಾಗ ಬಿಚ್ಚಿದ್ದು, ಹಾಗೇ ಉಳಿದಿತ್ತು. ಒಂದು ಬೋಲ್ಟಿನ ಕೆಲಸ. ಅವನು ಮಂಡಿಯೂರಿದ.

ಆಗ ಯಜಮಾನಿ ಬಂದಳು. ಒಳ್ಳೆಯ ಹೆಂಗಸು, ಒಳ್ಳೆಯ ಮಾತನ್ನೇ ಆಡಿದಳು. "ಎಷ್ಟ್ ಚೆನ್ನಾಗಿ ಮಾಡಿಸಿದಾರೆ ನಿಮ್ಮ ಕಾಂಟ್ರಾಕ್ಟರು! ನನ್ನ ತಂಗಿ ಕಾರ್ಖಾನೆಗೂ ಅವರನ್ನೇ ಕರೀಬೇಕು ಅಂತಿದೀನಿ. ಈಗ್ಲೇ ಫೋನ್ ಮಾಡಿ ಹೇಳ್ದೆ. 'ನೀವು ಕಲಾವಿದ್ರು ಬಿಡಿ' ಅಂದೆ. ಪಾಪ, ನಾಚ್ಕೊಂಡ್ರು."

ಕರೆಂಟಣ್ಣ ಮಂಡಿಯ ಮೇಲಿಂದಲೇ ತಲೆ ಎತ್ತಿ ನೋಡಿದ. "ನಾಚ್ಕೊಂಡ್ನಾ?"

"ತುಂಬಾ ವಿನಯ ಅವರಿಗೆ."

ಅವಳು ಹೋದಳು. ಕಲಾವಿದ ನಾಚಿಕೊಂಡನಂತೆ. ಜಡೆ ಹೆಣೆದವನು ನಾನು, ನಾಚಿಕೊಳ್ಳುವವನು ಅವನು. ನಾಚಿಕೊಳ್ಳುವುದಕ್ಕಾದರೂ ನನಗೆ ಬಿಡಬಾರದಿತ್ತೇ? ರುಜು ಅವನದು, ಹೊಗಳಿಕೆ ಅವನದು, ಹಾಗಿದ್ದ ಮೇಲೆ ಈ ಪಟ್ಟಿಯೂ ಅವನದೇ. ನಾಳೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಲೈಸೆನ್ಸಿನ ಬಾಲ ಮುದುರಲಿ. ಸ್ಪ್ಯಾನರನ್ನು ಚೀಲಕ್ಕೆ ಹಾಕಿ, ಚೀಲದ ಜಿಪ್ ಎಳೆದು ಎದ್ದ.

ಸಂಜೆ ಟೆಸ್ಟರ್ ಮನೆಗೆ ಬಂದ. ಅಕ್ಕ ತಟ್ಟೆ ಹಾಕಿದಳು. ಅವನು ಕೂತಲ್ಲೇ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಕ್ಕೂ ರುಜು ಹಾಕತೊಡಗಿದ. ಪ್ರತಿಯೊಂದು ತಂತಿಯನ್ನೂ, ಪ್ರತಿಯೊಂದು ಅರ್ಥಿಂಗನ್ನೂ ತಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ ಎಂದು ಹೇಳುವ ಕಾಗದಗಳು.

"ನೀನು ಬಂದು ನೋಡೇ ಇಲ್ಲವಲ್ಲೋ" ಎಂದ ಕರೆಂಟಣ್ಣ.

"ನೀವು ಮಾಡಿದ್ದನ್ನ ನಾನ್ ಏನ್ ನೋಡ್ಲಿ ಭಾವ?"

"ಟೆಸ್ಟರ್ ಮುಟ್ಟಿಸದೆ ಅಂಗಡಿಯಿಂದ ತಂದ ತಂತೀನೂ ಮುಟ್ಟದವನು ನೀನು."

"ಅದು ಅಂಗಡಿಯವನ ತಂತಿ. ಇದು ನಿಮ್ಮ ಕೆಲಸ." ಕೊನೆಯ ಗೀಟು ಎಳೆದು ಪೆನ್ನಿನ ಮುಚ್ಚಳ ಹಾಕಿದ. "ನಿಮ್ಮ ಕೈನೂ ಟೆಸ್ಟ್ ಮಾಡೋ ಹಾಗಿದ್ರೆ ನಾನು ಈ ಕಸುಬೇ ಬಿಡ್ತೀನಿ."

ಹೇಳಿಬಿಡಬಹುದಿತ್ತು. ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಹೆಂಡತಿ ತಮ್ಮನ ತಟ್ಟೆಗೆ ಎರಡನೆಯ ಸಲ ಬಡಿಸಿದಳು, ಗಂಡನ ತಟ್ಟೆ ಖಾಲಿಯಿದ್ದದ್ದು ಅವಳಿಗೆ ಕಾಣಲಿಲ್ಲ. ಅಷ್ಟೇ ಸಾಕಾಯಿತು. ತೆರೆದ ಬಾಯಿ ಮುಚ್ಚಿಕೊಂಡಿತು.

ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಒಬ್ಬ ಹೆಂಗಸು. ದಪ್ಪ ರಬ್ಬರಿನ ಬೂಟು, ದಾರ ಕಟ್ಟಿದ ಕನ್ನಡಕ, ಮಾತು ಕಡಿಮೆ. ಯಜಮಾನಿ, ಟೆಸ್ಟರ್, ಕರೆಂಟಣ್ಣ ಮೂವರೂ ಮದುವಣಗಿತ್ತಿಯ ಕಡೆಯವರ ಹಾಗೆ ಅವರ ಹಿಂದೆ ಹಿಂದೆ ನಡೆದರು. ಮುಖ್ಯ ಪ್ಯಾನಲ್ಲಿನ ಬಾಗಿಲು ತೆರೆದು ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿದರು. ಒಂದೊಂದೇ ತಂತಿಯ ಹಾದಿಯನ್ನು ಟಾರ್ಚಿನ ಬೆಳಕಿನಲ್ಲಿ ಹಿಂಬಾಲಿಸಿದರು.

"ಯಾರು ಮಾಡಿದ್ದು ಇದು?"

"ನಮ್ಮದೇ ಮೇಡಂ" ಎಂದ ಟೆಸ್ಟರ್. "ನಾನೇ ನಿಂತು ಮಾಡಿಸಿದ್ದು."

"ತುಂಬಾ ವರ್ಷದ ಮೇಲೆ ಇಂಥ ಕೆಲಸ ನೋಡ್ತಿದೀನಿ."

ಟೆಸ್ಟರ್ ನಾಚಿಕೊಂಡ. ಕಣ್ಣೆದುರೇ, ಕೆನ್ನೆ ಕೆಂಪಾಗಿ, ತಲೆ ತಗ್ಗಿಸಿ ನಾಚಿಕೊಂಡ. ಕರೆಂಟಣ್ಣನೊಳಗಿನ ಆ ಸಡಿಲ ಜಾಯಿಂಟು ಚಟ್ಟನೆ ಕಿಡಿ ಹಾರಿಸಿತು.

"ಇವನು ನಿಂತೂ ಇರ್ಲಿಲ್ಲ, ಕೂತೂ ಇರ್ಲಿಲ್ಲ ಮೇಡಂ! ಮಾಡಿದ್ದು ನಾನು. ಒಬ್ಬನೇ."

ಯಜಮಾನಿ ಬಾಯಿಗೆ ಕೈ ಅಡ್ಡ ಹಿಡಿದಳು. ಟೆಸ್ಟರ್‌ನ ಮುಖದ ಕೆಂಪು ಹಾಗೇ ಇಳಿದುಹೋಯಿತು. ಇನ್‌ಸ್ಪೆಕ್ಟರ್ ಮಾತ್ರ ಏನೂ ಕೇಳಿಸದವರ ಹಾಗೆ ಪ್ಯಾನಲ್ಲಿನ ಬಾಗಿಲು ಮುಚ್ಚಿ ಮುಂದೆ ನಡೆದರು. ಒಂದೊಂದು ಯಂತ್ರದ ಹಿಂದೆಯೂ ಬಗ್ಗಿ ಟಾರ್ಚು ಬಿಟ್ಟು ನೋಡುತ್ತ, ಕಟ್ಟಕಡೆಯದರ ಹತ್ತಿರ ಬಂದು ಅಲ್ಲೇ ನಿಂತರು.

"ಇದೂ ನೀವೇ ಒಬ್ಬರೇ ಮಾಡಿದ್ದಾ?"

ಜೋತುಬಿದ್ದ ಪಟ್ಟಿಯ ಮೇಲೆ ಟಾರ್ಚಿನ ಬೆಳಕು ದುಂಡಗೆ ಕೂತಿತ್ತು. ಟೆಸ್ಟರ್ ಬಗ್ಗಿ ನೋಡಿದ, ಎದ್ದು ಭಾವನ ಮುಖ ನೋಡಿದ, ಮತ್ತೆ ಪಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಅಂದ: "ಮರೆತಿರಬೇಕು ಮೇಡಂ. ಈಚೀಚೆಗೆ ಸ್ವಲ್ಪ ಮರೆವು ಅವರಿಗೆ. ವಯಸ್ಸಾಯ್ತಲ್ಲ. ನಾನು ನೋಡ್ಕೋಬೇಕಿತ್ತು, ನಂದೇ ತಪ್ಪು."

ಅದು ಕಾಪಾಡುವ ಮಾತು. ಕೊಡೆ ಹಿಡಿದ ಹಾಗೆ ಹಿಡಿದ ಮಾತು. ಆದರೆ ಅದರೊಳಗಿನ ಮರುಕ ಕರೆಂಟಣ್ಣನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಲೈಸೆನ್ಸು ಕೊಟ್ಟದ್ದಾಯಿತು, ಹೊಗಳಿಕೆ ಕೊಟ್ಟದ್ದಾಯಿತು, ಈಗ ನೆನಪಿನ ಶಕ್ತಿಯನ್ನೂ ಇವನಿಗೆ ಒಪ್ಪಿಸಬೇಕೇ?

"ಮರೆವಂತೆ ಮರೆವು!" ಅವನ ಧ್ವನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. "ಜೀವಮಾನದಲ್ಲಿ ಒಂದು ಬೋಲ್ಟ್ ಮರೆತವನಲ್ಲ ನಾನು. ನೋಡಿದೆ. ನೋಡಿ, ಬೇಕು ಅಂತಲೇ ಬಿಟ್ಟೆ."

ಟೆಸ್ಟರ್ ಭಾವನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಇನ್‌ಸ್ಪೆಕ್ಟರ್ ಕನ್ನಡಕ ಕೆಳಗಿಳಿಸಿದರು. ಮೊದಲು ಟೆಸ್ಟರ್ ಕಡೆ ತಿರುಗಿದರು. "ಪಟ್ಟಿ ಬಿಟ್ಟಿದ್ದಕ್ಕೆ ನಾನು ಬರೆಯೋದಿಲ್ಲ. ಅದನ್ನ ಬಿಗಿಸಿದ್ರೆ ಮುಗೀತು. ನೀವು ಇಲ್ಲಿ ಇರಲೇ ಇಲ್ಲ, ಟೆಸ್ಟ್ ಮಾಡ್ಲಿಲ್ಲ, ಮಾಡಿದೀನಿ ಅಂತ ರುಜು ಹಾಕಿದೀರಿ. ಅದಕ್ಕೆ ಬರೀತೀನಿ. ಲೈಸೆನ್ಸ್ ಕಚೇರಿಗೆ ತಂದೊಪ್ಪಿಸಿ. ಆರು ತಿಂಗಳು ಕೆಲಸ ಹಿಡಿಯೋ ಹಾಗಿಲ್ಲ."

"ಮತ್ತೆ ನನಗೆ?" ಎಂದ ಕರೆಂಟಣ್ಣ.

"ನಿಮಗೇನು?"

"ಬಿಟ್ಟವನು ನಾನು."

"ಹೊಣೆ ಹೊತ್ತವರನ್ನ ಕೇಳೋದಷ್ಟೇ ನನ್ನ ಕೆಲಸ. ನಿಮ್ಮ ಪರ್ಮಿಟ್ಟಿನಲ್ಲಿ ಆ ಮಾತೇ ಇಲ್ಲ." ಅವರು ಟಾರ್ಚು ಆರಿಸಿ ಹೊರಟರು.

ಶಿಕ್ಷೆಯೂ ಅವನಿಗೇ ಹೋಯಿತು. ಆ ಗಳಿಗೆಯಲ್ಲೂ, ನಾಚಿಕೆಯಲ್ಲಿ ಮುಳುಗಿ ನಿಂತಿದ್ದ ಆ ಗಳಿಗೆಯಲ್ಲೂ, ಕರೆಂಟಣ್ಣನ ಹೊಟ್ಟೆಯಲ್ಲಿ ಒಂದು ಮೂಲೆ ಚುರ್ ಎಂದಿತು.

ಟೆಸ್ಟರ್ ಇವನ ಚೀಲದ ಜಿಪ್ ತೆಗೆದು ಒಂದು ಬೋಲ್ಟು, ಸ್ಪ್ಯಾನರ್ ಹುಡುಕಿ ತೆಗೆದ. ಮಂಡಿಯೂರಿ ಪಟ್ಟಿಯನ್ನು ಬಿಗಿದ. ಎದ್ದು ಸ್ಪ್ಯಾನರನ್ನು ವಾಪಸು ಕೊಡುತ್ತ, "ತಗೊಳ್ಳಿ" ಅಂದ. ಅಷ್ಟೇ. ಮುಂದೆ ಬರಬೇಕಿದ್ದ 'ಭಾವ' ಬರಲಿಲ್ಲ.

ಮನೆಯಲ್ಲಿ ಹೆಂಡತಿಗೆ ತಾನೇ ಹೇಳಿದ. ಬೇರೆಯವರ ಬಾಯಿಂದ ಕೇಳುವ ಮೊದಲು ಹೇಳಿಬಿಡುವುದು ಮೇಲು ಎಂದುಕೊಂಡು ಹೇಳಿದ. ತಮ್ಮನ ಪರವಾಗಿ ಅವಳು ಹರಿಹಾಯುತ್ತಾಳೆ ಎಂದು ಉತ್ತರಗಳನ್ನೆಲ್ಲ ಜೋಡಿಸಿಕೊಂಡಿದ್ದ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು.

"ಅಲ್ಲಿ ನೆಲ ಒದ್ದೆ ಇರುತ್ತೆ ಅಂದ್ರಿ ಅಲ್ವಾ?"

"ಹೂಂ."

"ಕೆಲಸಕ್ಕೆ ಬರೋರು ಹೆಂಗಸರಾ?"

"ಹೆಚ್ಚು ಕಡಿಮೆ ಎಲ್ಲಾ ಹೆಂಗಸರೇ. ಆದ್ರೆ ಕರೆಂಟ್ ಇನ್ನೂ ಕೊಟ್ಟಿರ್ಲಿಲ್ಲ ಕಣೇ. ಇನ್ನೊಂದು ಪಟ್ಟಿ ಬಿಗಿಯಾಗೇ ಇತ್ತು. ಏನೂ ಆಗ್ತಿರ್ಲಿಲ್ಲ."

"ಆ ಮೇಡಂ ಬಗ್ಗಿ ನೋಡದೆ ಹೋಗಿದ್ರೆ? ಆಮೇಲೆ ನೀವೇ ಹೋಗಿ ಬಿಗೀತಿದ್ರಾ?"

ಬಿಗಿಯುತ್ತಿದ್ದೆ ಎನ್ನಲು ಬಾಯಿ ತೆರೆದ. ಪ್ಯಾನಲ್ಲಿನ ಮುಂದೆ ನಾಚಿಕೊಂಡು ನಿಂತ ಭಾವಮೈದುನನ ಕೆಂಪು ಕೆನ್ನೆ ಕಣ್ಣ ಮುಂದೆ ಬಂತು. ಆ ಕೆನ್ನೆ ನೋಡಿದ ಮೇಲೂ ಹೋಗಿ ಬಿಗಿಯುತ್ತಿದ್ದೆನೇ? ಇಷ್ಟು ದಿನ ಆ ಪಟ್ಟಿಯ ಒಂದು ತುದಿಯಲ್ಲಿ ಅವನಿಗೆ ಕಂಡದ್ದು ಲೈಸೆನ್ಸು ಮಾತ್ರ. ಇನ್ನೊಂದು ತುದಿಯಲ್ಲಿ ಒದ್ದೆ ನೆಲದ ಮೇಲೆ, ಸೊಂಟದ ಮೇಲೆ ಬಟ್ಟೆಯ ಬುಟ್ಟಿ ಹೊತ್ತು ನಿಂತ ಕಾಲುಗಳಿದ್ದವು. ಹೆಂಡತಿಯ ಕಾಲಿನಂಥವೇ ಕಾಲುಗಳು.

"ಗೊತ್ತಿಲ್ಲ" ಎಂದ. ಅಂದಿನವರೆಗೆ ತನ್ನ ಕೆಲಸದ ಬಗ್ಗೆ ಅವನು ಯಾರಿಗೂ ಹೇಳದ ಮಾತು ಅದು.

ಅವಳು ಬಟ್ಟೆ ಮಡಚುವುದನ್ನು ಮುಂದುವರಿಸಿದಳು.

ಆ ಆರು ತಿಂಗಳು ಅಂಗಡಿಯ ಬಾಗಿಲು ಎಳೆದೇ ಇತ್ತು. ಟೆಸ್ಟರ್ ದೀಪ ಮಾರುವ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಬಲ್ಬು ಹಾಕಿ ತೋರಿಸುವ ಕೆಲಸಕ್ಕೆ ನಿಂತ. ಕರೆಂಟಣ್ಣ ಮನೆಯ ಜಗುಲಿಯಲ್ಲಿ ಕೂತು ಬೀದಿಯವರ ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ರಿಪೇರಿ ಮಾಡಿದ. ಇಬ್ಬರೂ ಈಗ ಒಂದೇ ಮಟ್ಟದಲ್ಲಿದ್ದರು. ಅವನು ಬಯಸಿದ್ದು ಇದನ್ನೇ. ಆದರೆ ಚಹಾದಂಗಡಿಯಲ್ಲಿ ಈಗ ಯಾರೂ ಅವನನ್ನು ರೇಗಿಸುತ್ತಿರಲಿಲ್ಲ, ಮಾತು ಬದಲಾಯಿಸುತ್ತಿದ್ದರು. ದೀಪದಂಗಡಿಯವನು ಟೆಸ್ಟರ್‌ನನ್ನು ಬಹಳ ಮೆಚ್ಚಿದ್ದಾನೆ ಎಂದು ಯಾರೋ ಹೇಳಿದಾಗ ಒಳಗಿನ ಬಿಸಿ ಮತ್ತೆ ಎದ್ದದ್ದು ಅವನಿಗೇ ಬೇಸರ ತಂದಿತು. ಇದಕ್ಕೆ ಮೇನ್ ಸ್ವಿಚ್ಚು ಎಲ್ಲಿದೆಯಪ್ಪಾ ಎಂದುಕೊಂಡ.

ಅವಧಿ ಮುಗಿದ ದಿನ ಟೆಸ್ಟರ್ ಬಂದ. ಒಳಗೆ ಬರಲಿಲ್ಲ. ಹೊಸಿಲಿನ ಆಚೆ ನಿಂತು, ಜಗುಲಿಯಲ್ಲಿ ಕೂತವನನ್ನು ನೋಡದೆ, ಅಕ್ಕನನ್ನು ಕರೆದು ಹೇಳಿದ: "ಅಕ್ಕ, ಶಾಲೆ ಕಟ್ಟಡದ್ದೊಂದು ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಬರೋಕೆ ಹೇಳು. ನಾನೂ ಇರ್ತೀನಿ. ಮುಗಿಯೋವರೆಗೂ ದಿನಾ ಇರ್ತೀನಿ."

"ಅಲ್ಲೇ ಕೂತಿದಾರಲ್ಲೋ, ನೀನೇ ಹೇಳು."

"ನೀನೇ ಹೇಳು" ಎಂದು ಹೊರಟುಹೋದ.

ಹೋಗಬಾರದು ಎಂದು ಒಂದು ಮನಸ್ಸು. ಹೆಂಡತಿ ಬೆಳಿಗ್ಗೆ ಬುತ್ತಿ ಕಟ್ಟಿಟ್ಟಳು. ಹೋದ.

ಶಾಲೆಯ ಕೋಣೆಗಳಲ್ಲಿ ಸುಣ್ಣದ ಧೂಳು. ಕರೆಂಟಣ್ಣ ಮೊದಲ ಪೆಟ್ಟಿಗೆ ಕೂರಿಸಿದ, ಅರ್ಥಿಂಗ್ ತಂತಿಯನ್ನು ಬೋಲ್ಟಿಗೆ ಸುತ್ತಿ ಬಿಗಿದ, ಇಳಿದು ಪಕ್ಕಕ್ಕೆ ನಿಂತ. ಟೆಸ್ಟರ್ ಏಣಿ ಹತ್ತಿದ. ತಂತಿಯನ್ನು ಬೆರಳಲ್ಲಿ ಹಿಡಿದು ಎಳೆದು ನೋಡಿದ, ಬೋಲ್ಟನ್ನು ಅಲ್ಲಾಡಿಸಿ ನೋಡಿದ, ಮೀಟರು ಹಚ್ಚಿ ಮುಳ್ಳು ನಿಲ್ಲುವವರೆಗೆ ಕಾದ. ಈ ಕೈಯನ್ನು ಜೀವಮಾನದಲ್ಲಿ ಯಾರೂ ಹೀಗೆ ಪರೀಕ್ಷಿಸಿರಲಿಲ್ಲ. ಕರೆಂಟಣ್ಣನ ಕಿವಿ ಬಿಸಿಯಾಯಿತು.

"ಇನ್ನೊಂದರ್ಧ ಸುತ್ತು ಬೇಕು" ಎಂದ ಟೆಸ್ಟರ್ ಮೇಲಿನಿಂದಲೇ.

"ಬಿಗಿಯಾಗಿದೆ."

"ಅರ್ಧ ಸುತ್ತು."

ಅವನು ಇಳಿದ, ಇವನು ಹತ್ತಿದ. ಹತ್ತುವಾಗ ಮನಸ್ಸಿನಲ್ಲಿ ಬಯ್ದುಕೊಂಡೇ ಹತ್ತಿದ. ಸ್ಪ್ಯಾನರ್ ಹಾಕಿ ಒತ್ತಿದ. ತಿರುಗುವುದಿಲ್ಲ ಎಂದು ತೋರಿಸಿಯೇ ಇಳಿಯಬೇಕೆಂದಿದ್ದ. ಬೋಲ್ಟು ಮೆಲ್ಲಗೆ, ಸದ್ದಿಲ್ಲದೆ, ಸರಿಯಾಗಿ ಅರ್ಧ ಸುತ್ತು ತಿರುಗಿ ನಿಂತಿತು.

ಕೆಳಗೆ ಟೆಸ್ಟರ್ ಏಣಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಂದಿನ ಪೆಟ್ಟಿಗೆ ಯಾವ ಗೋಡೆಗೆ ಎಂದು ನೋಡುತ್ತಿದ್ದ.